ಒಂದೇ ಭುಜದ ಫ್ರೆಂಚ್

ಆ ಹುಡುಗಿಗೆ ಮನೆಯವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಮಾತು ಕಲಿತ ದಿನದಿಂದ ಅವಳ ಬಾಯಲ್ಲಿ ‘ಯಾಕೆ’ ಬಿಟ್ಟು ಬೇರೆ ಮಾತು ಬಂದದ್ದೇ ಕಡಿಮೆ. ಹಾಗಾಗಿ ಅಜ್ಜಿ ಅವಳನ್ನು ಯಾಕಮ್ಮ ಎಂದು ಕರೆದರು, ಬೀದಿಯವರೂ ಹಾಗೇ ಕರೆದರು, ಕೊನೆಗೆ ಅವಳಿಗೂ ಅದೇ ಸರಿಯೆನಿಸಿತು. ಅಪ್ಪ ದರ್ಜಿ. ಅವರು ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿದ ಹೊತ್ತಿಗೇ ಹೋಗಿ ‘ಇವರ ಹೊಟ್ಟೆ ಯಾಕೆ ಇಷ್ಟು ಮುಂದಕ್ಕೆ ಬಂದಿದೆ’ ಎಂದು ಕೇಳಿ, ಒಳ್ಳೊಳ್ಳೆಯ ಗಿರಾಕಿಗಳನ್ನು ಎದುರಿನ ಅಂಗಡಿಗೆ ಸಾಗಹಾಕಿದ ಕೀರ್ತಿ ಅವಳದು.

ಇಂಥವಳು ಕಾಲೇಜಿಗೆ ಸೇರಿ ಫ್ರೆಂಚ್ ತೆಗೆದುಕೊಂಡಾಗ ಎಲ್ಲರೂ ಅವಳನ್ನೇ ಯಾಕೆ ಎಂದು ಕೇಳತೊಡಗಿದರು. ಆ ಪ್ರಶ್ನೆಗೆ ತಾನೇ ಉತ್ತರ ಕೊಡಬೇಕಾಗಿ ಬಂದದ್ದು ಅದೇ ಮೊದಲು, ಪಾಪ, ತಬ್ಬಿಬ್ಬಾದಳು. ನಿಜವಾದ ಕಾರಣ ಹೇಳುವಂಥದ್ದಲ್ಲ. ಪಕ್ಕದ ಮನೆಯವರು ಹೇಗೆ ಉಣ್ಣುತ್ತಾರೆ, ಹೇಗೆ ಜಗಳ ಆಡುತ್ತಾರೆ ಎಂದು ಕಿಟಕಿಯಲ್ಲಿ ಇಣುಕಿದರೆ ಬೈಸಿಕೊಳ್ಳಬೇಕು. ಅದೇ ಕೆಲಸವನ್ನು ದೂರದ ಒಂದು ದೇಶದ ಬಗ್ಗೆ ಮಾಡಿದರೆ ಕಾಲೇಜಿನಲ್ಲಿ ಅಂಕ ಕೊಡುತ್ತಾರಂತೆ. ಇಂಥ ಅವಕಾಶವನ್ನು ಅವಳು ಬಿಟ್ಟಾಳೇ?

ಫ್ರೆಂಚ್ ವಿಭಾಗವೆಂದರೆ ಮೇಲಂತಸ್ತಿನ ಕೊನೆಯ ಕೋಣೆ. ಒಂದು ಕಪ್ಪು ಹಲಗೆ, ಮಡಿಕೆಯ ಗುರುತಿನಲ್ಲೇ ಹರಿಯತೊಡಗಿದ ಫ್ರಾನ್ಸಿನ ನಕಾಶೆ, ಬಾಗಿಲು ಪೂರ್ತಿ ಮುಚ್ಚದ ಕಪಾಟು, ಮತ್ತು ಒಬ್ಬರೇ ಒಬ್ಬರು ಮೇಡಂ. ಗಿಡ್ಡ ಆಳು, ನರೆತ ಕೂದಲು, ಸೀಮೆಸುಣ್ಣದ ಪುಡಿ ಹತ್ತಿದ ಸೆರಗು. ನಿವೃತ್ತಿ ಹತ್ತಿರ ಬಂದಿದ್ದರೂ ತರಗತಿಗೆ ಬರುವಾಗ ಹೊಸ ಹುಡುಗಿಯ ಹಾಗೆ ಎರಡೆರಡು ಮೆಟ್ಟಿಲು ಹತ್ತಿ ಬರುತ್ತಿದ್ದರು.

ಅವರು ಒಮ್ಮೆಯೂ ಫ್ರಾನ್ಸಿಗೆ ಹೋದವರಲ್ಲ, ಅದನ್ನು ಮೊದಲ ದಿನವೇ ಹೇಳಿಬಿಡುತ್ತಿದ್ದರು. ಅವರಿಗೆ ಬಂದದ್ದೆಲ್ಲ ಒಬ್ಬರಿಂದ ಬಂದದ್ದು. ಬಹಳ ಹಿಂದೆ ನದಿಗೆ ಸೇತುವೆ ಕಟ್ಟಲು ಫ್ರಾನ್ಸಿನಿಂದ ಒಬ್ಬ ಎಂಜಿನಿಯರ್ ಬಂದಿದ್ದರಂತೆ. ಅವರ ಹೆಂಡತಿ ಮನೆಯಲ್ಲಿ ಸುಮ್ಮನೆ ಕೂರಲಾರದೆ ಈ ಕಾಲೇಜಿಗೆ ಬಂದು ಫ್ರೆಂಚ್ ಕಲಿಸತೊಡಗಿದರು. ಸೇತುವೆ ಮುಗಿದ ಮೇಲೆ ಗಂಡ ಹೆಂಡತಿ ಹೊರಟುಹೋದರು. ಆಕೆ ಈಗ ಇಲ್ಲ. ವಿಭಾಗದಲ್ಲಿ ಇವತ್ತಿಗೂ ಅವರು ದೊಡ್ಡ ಮೇಡಂ. ‘ದೊಡ್ಡ ಮೇಡಂ ಹೀಗೆ ಮಾಡ್ತಿದ್ರು’ ಎಂದರೆ ಮುಗಿಯಿತು, ಅದರ ಮೇಲೆ ಅಪೀಲಿಲ್ಲ.

ಪಾಠದಲ್ಲಿ ಅರ್ಧ ಭಾಷೆ, ಅರ್ಧ ಸಂಸ್ಕೃತಿ. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಮೊದಲು ನಮಸ್ಕಾರ ಹೇಳಬೇಕು, ಆಮೇಲೆ ಸಾಮಾನು ಕೇಳಬೇಕು. ಊಟಕ್ಕೆ ಕೂತಾಗ ಎರಡೂ ಕೈ ಮೇಜಿನ ಮೇಲೆ ಕಾಣುವಂತಿರಬೇಕು, ತೊಡೆಯ ಮೇಲೆ ಇಟ್ಟುಕೊಳ್ಳಬಾರದು. ಬ್ರೆಡ್ಡನ್ನು ಮಗುಚಿ ಇಡಬಾರದು. ಯಾಕಮ್ಮ ಪ್ರತಿಯೊಂದಕ್ಕೂ ಯಾಕೆ ಎಂದು ಕೇಳುತ್ತಿದ್ದಳು. ಮೇಡಂ ಗೊತ್ತಿದ್ದರೆ ಹೇಳುತ್ತಿದ್ದರು, ಗೊತ್ತಿಲ್ಲದಿದ್ದರೆ ಕೆಳತುಟಿ ಮುಂದೆ ಮಾಡಿ, ಹುಬ್ಬು ಏರಿಸಿ, ಬಲ ಭುಜವನ್ನು ಮೆಲ್ಲಗೆ ಹಾರಿಸುತ್ತಿದ್ದರು.

ಆ ಭುಜವೂ ಪಾಠದ ಭಾಗವೇ, ಫ್ರೆಂಚರು ಅರ್ಧ ಮಾತನ್ನು ಭುಜದಲ್ಲೇ ಆಡುತ್ತಾರಂತೆ. ಸ್ವಲ್ಪ ಎತ್ತಿದರೆ ‘ನನಗೇನು ಗೊತ್ತು’, ಇನ್ನಷ್ಟು ಎತ್ತಿದರೆ ‘ಆದರೆ ಆಗಲಿ’, ಕಿವಿಯವರೆಗೆ ಎತ್ತಿದರೆ ‘ಈ ಜಗತ್ತನ್ನು ತಿದ್ದೋಕೆ ನನ್ನಿಂದ ಆಗಲ್ಲ’. ಎತ್ತಬೇಕಾದದ್ದು ಬಲ ಭುಜ ಮಾತ್ರ. ಎಡದ್ದು ಕದಲಬಾರದು. ಎರಡೂ ಎತ್ತಿದ ಹುಡುಗರಿಗೆ ಮೇಡಂ, ಇದು ಕವಾಯತಲ್ಲ ಮಾರಾಯ ಎಂದು ಗದರುತ್ತಿದ್ದರು. ಅವರಲ್ಲಿ ಕಲಿತವರೆಲ್ಲ, ಈಗ ಬ್ಯಾಂಕಿನಲ್ಲಿ ಇರುವವರು, ಶಾಲೆಯಲ್ಲಿ ಇರುವವರು, ಮಕ್ಕಳು ಮರಿ ಆದವರು, ಇವತ್ತಿಗೂ ಒಂದೇ ಭುಜ ಹಾರಿಸುತ್ತಾರೆ. ಸಂತೆಯಲ್ಲಿ ಯಾರಾದರೂ ಬೆಲೆ ಕೇಳಿ ಬಲ ಭುಜ ಎತ್ತಿದರೆ ಇವರು ನಮ್ಮ ವಿಭಾಗದವರೇ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು.

ಯಾಕಮ್ಮ ಫೋನಿನಲ್ಲಿ ಫ್ರೆಂಚ್ ಸಿನಿಮಾ ನೋಡಲು ಶುರುಮಾಡಿದ ಮೇಲೆ ಅವಳ ತಲೆಗೆ ಹುಳ ಹೊಕ್ಕಿತು. ತೆರೆಯ ಮೇಲೆ ಎಲ್ಲರೂ ಎರಡೂ ಭುಜ ಎತ್ತುತ್ತಿದ್ದರು. ಪೊಲೀಸನೂ ಎರಡು, ಕಳ್ಳನೂ ಎರಡು. ಒಂದೇ ಭುಜದವರು ಹುಡುಕಿದರೂ ಸಿಗಲಿಲ್ಲ. ಬೆಂಚಿನ ಗೆಳತಿಗೆ ಹೇಳಿದರೆ ಅವಳು, ಪರೀಕ್ಷೆ ಹತ್ತಿರ ಬಂದಿದೆ, ಬಾಯಿಗೆ ಬೀಗ ಹಾಕಿಕೋ ಎಂದಳು. ಮೇಡಂಗೆ ಕೇಳಿದರೆ ಅವರು ನಕ್ಕು, ಸಿನಿಮಾದವರು ಯಾವತ್ತೂ ಒಂದಕ್ಕೆ ಎರಡು ಮಾಡುವವರೇ, ನಂಬಬೇಡ ಎಂದರು.

ಪರೀಕ್ಷೆಯ ದಿನ ಹೊರಗಿನಿಂದ ಒಬ್ಬ ಪರೀಕ್ಷಕ ಬಂದ. ಅಪ್ಪಟ ಫ್ರಾನ್ಸಿನವ, ಎಳೆ ವಯಸ್ಸು, ಉದ್ದ ಕುತ್ತಿಗೆ, ಒಳ್ಳೆಯ ಮಾತು. ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡಿಸಿದ. ಯಾಕಮ್ಮನ ಫ್ರೆಂಚ್ ಕೇಳಿ ತಲೆದೂಗಿದ. ಕೊನೆಗೆ, ನಮ್ಮ ಫ್ರಾನ್ಸಿನ ಜನ ಯಾಕೆ ಇಷ್ಟೊಂದು ಮುಷ್ಕರ ಮಾಡುತ್ತಾರೆ, ನಿನಗೇನನ್ನಿಸುತ್ತದೆ ಎಂದು ಕೇಳಿದ. ಅವಳಿಗೆ ತಿಳಿಯಲಿಲ್ಲ, ಕಲಿತ ಹಾಗೆ ತುಟಿ ಮುಂದೆ ಮಾಡಿ ಬಲ ಭುಜ ಹಾರಿಸಿದಳು. ಅವನು ಗಾಬರಿಯಾಗಿ, ಎಡಗೈಗೆ ಪೆಟ್ಟಾಗಿದೆಯೇ ಎಂದು ವಿಚಾರಿಸಿದ. ಅವಳ ನಂತರ ಹೋದ ಬೆಂಚಿನ ಗೆಳತಿಯೂ ಹಾಗೇ ಮಾಡಿದಳು. ಆಮೇಲೆ ಹೋದ ಹುಡುಗನೂ ಹಾಗೇ. ಆಗ ಪರೀಕ್ಷಕ, ನೀವೆಲ್ಲ ಒಂದೇ ಬಸ್ಸಿನಲ್ಲಿ ಬಂದಿರಾ, ದಾರಿಯಲ್ಲಿ ಅಪಘಾತವೇನಾದರೂ ಆಯಿತೇ ಎಂದು ನಿಜವಾದ ಕಳಕಳಿಯಿಂದ ಕೇಳಿದನಂತೆ.

ಎಲ್ಲ ಮುಗಿದ ಮೇಲೆ ಅವನು ಮೇಡಂ ಹತ್ತಿರ ಬಂದು ವಿಷಯ ಕೇಳಿದ. ಯಾಕಮ್ಮ ಬಾಗಿಲ ಬಳಿಯೇ ಇದ್ದಳು, ಅವಳು ಅಂಥ ಕಡೆ ಇರದಿದ್ದರೆ ಇನ್ನೆಲ್ಲಿ ಇದ್ದಾಳು. ಮೇಡಂ ಹೆಮ್ಮೆಯಿಂದ ಎದ್ದು ನಿಂತು, ತಾವೇ ಒಂದು ಸಲ ಮಾಡಿ ತೋರಿಸಿದರು. ಅವನು ಬಹಳ ಮರ್ಯಾದೆಯಿಂದ, ನಮ್ಮ ದೇಶದಲ್ಲಿ ಯಾರೂ ಹೀಗೆ ಮಾಡುವುದಿಲ್ಲ ಮೇಡಂ, ನಾನಂತೂ ಹುಟ್ಟಿದ ಮೇಲೆ ನೋಡಿಲ್ಲ ಎಂದ. ಮತ್ತೆ ನಕ್ಕ. ಕೆಟ್ಟ ಮನಸ್ಸಿನ ನಗುವಲ್ಲ, ಆದರೆ ನಗು ನಗುವೇ. ಮೇಡಂ ಕೂಡ ನಗಲು ನೋಡಿದರು, ಮುಖ ಒಪ್ಪಲಿಲ್ಲ. ಎತ್ತಿದ ಭುಜವನ್ನು ಇಳಿಸಲೂ ಮರೆತು ನಿಂತಿದ್ದರು.

ಮಾರನೆಯ ದಿನದಿಂದ ಕೋಣೆಯ ಕಳೆಯೇ ಹೋಯಿತು. ಮೇಡಂ ಕುರ್ಚಿಯಲ್ಲಿ ಕೂತು ಪುಸ್ತಕ ಓದಿದರು, ಹಲಗೆಗೆ ಬರೆದರು, ಗಂಟೆ ಹೊಡೆದ ಕೂಡಲೇ ಎದ್ದರು. ಊಟದ ಮೇಜಿಲ್ಲ, ಅಂಗಡಿಯ ನಮಸ್ಕಾರವಿಲ್ಲ. ‘ದೊಡ್ಡ ಮೇಡಂ’ ಎಂಬ ಮಾತು ಒಮ್ಮೆಯೂ ಬರಲಿಲ್ಲ. ವಾರಾಂತ್ಯಕ್ಕೆ ಸುದ್ದಿ ಹೊರಬಿತ್ತು. ಸಂಸ್ಕೃತಿಯ ಪಾಠ ತಮ್ಮಿಂದ ಬೇಡ, ಬೇರೆ ಯಾರಿಗಾದರೂ ವಹಿಸಿ ಎಂದು ಅವರು ಪ್ರಿನ್ಸಿಪಾಲರಿಗೆ ಹೇಳಿದ್ದಾರೆ. ಪ್ರಿನ್ಸಿಪಾಲರಿಗೇನು, ಸೋಮವಾರ ಅಚ್ಚು ಹಾಕಿದ ಟಿಪ್ಪಣಿ ತರಿಸಿ ಹಂಚಿದರಾಯಿತು ಎಂದು ಒಪ್ಪಿದ್ದಾರೆ.

ಯಾಕಮ್ಮ ತಡೆಯಲಾರದೆ ಮೇಡಂ ಕೂರುವ ಕೋಣೆಗೇ ಹೋದಳು. ಒಂದು ಭುಜಕ್ಕೆ ಇಷ್ಟೆಲ್ಲ ಯಾಕೆ ಎಂದು ಕೇಳಿದಳು.

“ಒಂದು ಭುಜದ ಮಾತಲ್ಲ,” ಎಂದರು ಮೇಡಂ. “ನನ್ನ ಹತ್ರ ಇರೋದೆಲ್ಲ ಒಬ್ಬರೇ ಕೊಟ್ಟಿದ್ದು. ಅವರು ಕೊಟ್ಟಿದ್ರಲ್ಲಿ ಒಂದು ಸುಳ್ಳಾದ್ರೆ, ಉಳಿದಿದ್ದು ನಿಜ ಅಂತ ನಾನು ಯಾವ ಧೈರ್ಯದ ಮೇಲೆ ಹೇಳ್ಲಿ? ಆಯಸ್ಸೆಲ್ಲ ಇದನ್ನೇ ಕಲಿಸಿದೀನಿ.”

ಯಾಕಮ್ಮ ಒಂದೊಂದೇ ಮೆಟ್ಟಿಲು ಇಳಿದು ಹೊರಗೆ ಬಂದಳು. ಮೇಡಂ ಎಂದರೆ ಅವಳಿಗೆ ಜೀವ. ಜಗತ್ತಿನಲ್ಲಿ ಅವಳ ಯಾಕೆಗಳಿಗೆ ಬೇಸರಿಸದೆ ಇದ್ದವರು ಅವರೊಬ್ಬರೇ.

ಆ ಸಂಜೆ ಅಂಗಡಿಯಲ್ಲಿ ಅಪ್ಪ ಒಬ್ಬ ಗಿರಾಕಿಗೆ ಕೋಟಿನ ಅಳತೆ ತೆಗೆಯುತ್ತಿದ್ದರು. ಮನೆ ಮನೆಗೆ ಗ್ಯಾಸ್ ಸಿಲಿಂಡರ್ ಹೊರುವ ಮನುಷ್ಯ, ಮಗಳ ಮದುವೆಗೆ ಜೀವಮಾನದಲ್ಲಿ ಮೊದಲ ಕೋಟು ಹೊಲಿಸುತ್ತಿದ್ದ. ಅವನ ಒಂದು ಭುಜ ಇನ್ನೊಂದಕ್ಕಿಂತ ತಗ್ಗಿತ್ತು. ಅಪ್ಪ ಅದನ್ನು ಗುರುತು ಹಾಕಿಕೊಂಡು, ಒಳಗೆ ಒಂದು ಪಟ್ಟಿ ಹೆಚ್ಚು ಇಡಬೇಕು ಎಂದು ಗೊಣಗಿಕೊಂಡರು. ಯಾಕಮ್ಮ ಗುಂಡಿ ಹೊಲಿಯುತ್ತ ಕೂತಿದ್ದವಳು, ಗಿರಾಕಿ ಹೋಗುವವರೆಗೆ ಹೇಗೋ ತಾಳಿಕೊಂಡು, ಅವರ ಭುಜ ಯಾಕೆ ಹಾಗೆ ಎಂದು ಕೇಳಿದಳು.

“ಭುಜ ತಾನಾಗೇ ಏರುಪೇರು ಆಗಲ್ಲ ಕಣೇ,” ಎಂದರು ಅಪ್ಪ ದಾರ ಕಡಿಯುತ್ತ. “ಅದರ ಮೇಲೆ ಏನಾದ್ರೂ ಕೂತಿರುತ್ತೆ.”

ಅಪ್ಪನ ಪಾಲಿಗೆ ಅಲ್ಲಿಗೆ ಮಾತು ಮುಗಿದಿತ್ತು. ಮಗಳ ಪಾಲಿಗೆ ಅಲ್ಲಿಂದ ಶುರುವಾಯಿತು. ಹಾಗಾದರೆ ದೊಡ್ಡ ಮೇಡಂ ಎಡ ಭುಜದ ಮೇಲೆ ಏನು ಕೂತಿತ್ತು? ಭಾರದ ಚೀಲವೇ? ಹಳೆಯ ಪೆಟ್ಟೇ? ಹೊರದೇಶದವರು, ಯಾರಿಗೆ ಗೊತ್ತು, ಗಿಣಿಯೇ? ಆ ಪ್ರಶ್ನೆ ಅವಳ ಊಟ ತಿಂದಿತು, ನಿದ್ದೆಯನ್ನೂ ತಿಂದಿತು. ಅವಳು ಹೊಲಿದ ಗುಂಡಿಗಳೆಲ್ಲ ವಕ್ರವಾಗಿ, ಅಪ್ಪ ಅವನ್ನು ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಭಾನುವಾರ ಮಧ್ಯಾಹ್ನ ಅವಳು ಮೇಡಂ ಮನೆಯ ಗಂಟೆ ಒತ್ತಿದಳು. ಬಾಗಿಲು ತೆಗೆದದ್ದು ಮೇಡಂ ಮಗಳು. ದನದ ಡಾಕ್ಟರು, ತಾಯಿಗಿಂತ ಒಂದು ಮೊಳ ಎತ್ತರ, ಯಾವುದೋ ಹಸುವಿನ ಹೆರಿಗೆ ಮುಗಿಸಿ ಆಗಷ್ಟೇ ಬಂದು ಮೊಣಕೈವರೆಗೆ ಸೋಪು ಹಚ್ಚಿಕೊಂಡಿದ್ದರು. ಅಮ್ಮ ಮೂರು ಹೊತ್ತೂ ಮುಖ ಊದಿಸಿಕೊಂಡು ಕೂತಿದ್ದಾರೆ, ಕಾರಣ ಕೇಳಿದರೆ ಹೇಳುವುದಿಲ್ಲ, ನಿನಗಾದರೂ ಬಾಯಿ ಬಿಡುತ್ತಾರೇನೋ ನೋಡು ಎಂದು ಅವಳನ್ನು ಅಡುಗೆಮನೆಗೇ ಕರೆದುಕೊಂಡು ಹೋದರು. ಮೇಡಂ ಒಲೆಯ ಮುಂದೆ ಹಾಲು ಕಾಯಿಸುತ್ತಿದ್ದರು.

ಯಾಕಮ್ಮ ಕುಶಲ ಕೇಳುವ ಗೋಜಿಗೂ ಹೋಗಲಿಲ್ಲ. ದೊಡ್ಡ ಮೇಡಂಗೆ ಎಡಗೈ ನೋವಿತ್ತೇ ಎಂದು ಕೇಳಿದಳು. ನೋವೇ, ಸೈಕಲ್ಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದ ಹೆಂಗಸು ಅದು ಎಂದರು ಮೇಡಂ. ಚೀಲ? ಸೈಕಲ್ಲಿಗೇ ಕಟ್ಟಿರುತ್ತಿತ್ತು. ಗಿಣಿ? ಮೇಡಂ ಅವಳ ಮುಖವನ್ನೇ ನೋಡಿದರು. ಅವಳು ಆ ಪ್ರಶ್ನೆಯನ್ನು ವಾಪಸು ತೆಗೆದುಕೊಂಡಳು. ಕಾಲೇಜಿನ ಹೊರಗೆ ಅವರನ್ನು ನೋಡಿದ್ದಿರಾ, ಆಗಲೂ ಒಂದೇ ಭುಜವೇ ಎಂದಾಗ ಮೇಡಂ, ಹೊರಗೆ ನೋಡಿದ್ದೇ ಇಲ್ಲ ಎಂದರು. ಮದುವೆಯಾಗಿ ಮಗುವಾದ ಮೇಲೆ ಕಾಲೇಜು ಸೇರಿದ್ದಂತೆ ಮೇಡಂ. ಮಧ್ಯಾಹ್ನದ ತರಗತಿ ಮುಗಿದ ಕೂಡಲೇ ಮನೆಗೆ ಓಡಬೇಕು, ಅತ್ತೆ ಗಡಿಯಾರದ ಕೆಳಗೇ ಕೂತಿರುತ್ತಿದ್ದರು. ದೊಡ್ಡ ಮೇಡಂ ಭುಜ ಎತ್ತಿದ್ದನ್ನು ಇವರು ಕಂಡದ್ದೆಲ್ಲ ಆ ಕೋಣೆಯೊಳಗೆ, ಹಲಗೆಯ ಮುಂದೆ.

“ಹಾಗಾದ್ರೆ ಅವರು ಹೇಗೆ ನಿಲ್ತಿದ್ರು, ತೋರಿಸಿ ಮೇಡಂ,” ಎಂದಳು ಯಾಕಮ್ಮ. “ಭುಜ ಮಾತ್ರ ಅಲ್ಲ. ಪೂರ್ತಿ ಅವರನ್ನೇ.”

ಮೇಡಂ ಬೇಡವೆಂದರು. ಮಗಳು, ಮಾಡಮ್ಮ, ಹಾಲು ನಾನು ನೋಡ್ಕೋತೀನಿ ಎಂದು ಒಲೆಯ ಹತ್ತಿರ ಬಂದರು. ಮೇಡಂ ಒಲ್ಲದ ಮನಸ್ಸಿನಿಂದ ಫ್ರಿಜ್ಜಿನ ಪಕ್ಕ ಹೋಗಿ ನಿಂತರು. ಫ್ರಿಜ್ಜೇ ಹಲಗೆ. ಬಲಗೈಯಲ್ಲಿ ಸೀಮೆಸುಣ್ಣಕ್ಕೆ ಬದಲು ಒಂದು ಚಮಚ. ಕಣ್ಣು ಮುಚ್ಚಿ, ಮೊದಲ ವರ್ಷದ ಮೊದಲ ಪಾಠವನ್ನು ಫ್ರೆಂಚಿನಲ್ಲಿ ಹೇಳತೊಡಗಿದರು.

ಎರಡು ವಾಕ್ಯ ಆಗುವುದರೊಳಗೆ ಯಾಕಮ್ಮನಿಗೆ ಬೇರೆ ಯಾರೋ ಅಡುಗೆಮನೆಗೆ ಬಂದ ಹಾಗಾಯಿತು. ಮೇಡಂ ದನಿ ತಗ್ಗಿತ್ತು. ತರಗತಿಯಲ್ಲಿ ಹಿಂದಿನ ಬೆಂಚಿಗೂ ಮುಟ್ಟುವಂತೆ ಮಾತಾಡುವವರು ಈಗ ಪಿಸುಮಾತಿಗಿಂತ ಒಂದಿಷ್ಟೇ ಮೇಲೆ ಮಾತಾಡುತ್ತಿದ್ದರು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಇದ್ದಲ್ಲೇ ಮೆಲ್ಲಗೆ ತೂಗುತ್ತಿದ್ದರು. ಬಲಗೈ ಗಾಳಿಯಲ್ಲಿ ಬರೆಯಿತು. ಪ್ರಶ್ನೆ ಬಂತು, ತುಟಿ ಮುಂದೆ ಬಂತು, ಬಲ ಭುಜ ಮೇಲೇರಿತು. ಆ ಹೊತ್ತಿಗೆ ಎಡಗೈ, ಯಾರೂ ಹೇಳದೆ, ಮೇಲೆ ಬಂದು ಎದೆಗೆ ಅಡ್ಡಲಾಗಿ ಮಡಚಿಕೊಂಡಿತ್ತು. ಅಂಗೈ ಗಾಳಿಯಲ್ಲೇ ತಟ್ಟುತ್ತಿತ್ತು, ನಿಧಾನವಾಗಿ, ಒಂದೇ ಸಮನೆ.

ಒಲೆಯ ಹತ್ತಿರ ನಿಂತ ಮಗಳು ಹಾಲನ್ನು ಮರೆತರು. “ಅಮ್ಮಾ, ಯಾರನ್ನ ತಟ್ತಾ ಇದ್ದೀಯ?”

ಮೇಡಂ ಕಣ್ಣು ತೆರೆದು ತಮ್ಮ ಕೈಯನ್ನೇ ನೋಡಿದರು. ಅದು ಇನ್ನೂ ತಟ್ಟುತ್ತಲೇ ಇತ್ತು.

“ನಿನ್ನನ್ನ,” ಎಂದರು.

ಹಾಲು ಉಕ್ಕಿ ಒಲೆಗೆ ಬಿತ್ತು. ಯಾಕಮ್ಮ ಹೋಗಿ ಒಲೆ ಆರಿಸಿದಳು, ಬೇರೆ ಇಬ್ಬರಿಗೂ ಅದು ಕಾಣಿಸಲೇ ಇಲ್ಲ. ಮೇಡಂ ಅಲ್ಲೇ ಸ್ಟೂಲಿನ ಮೇಲೆ ಕೂತರು. ಓದಲು ಹೋಗುವವಳು ಮಗುವನ್ನೂ ಹೊತ್ತುಕೊಂಡೇ ಹೋಗಲಿ ಎಂದು ಅತ್ತೆ ಹಟ ಹಿಡಿದಿದ್ದರಂತೆ. ಹೊತ್ತುಕೊಂಡೇ ಹೋದರು. ಮೊದಲ ದಿನ ಮಗು ಅತ್ತಿತು, ಇನ್ನು ಮನೆಗೆ ಕಳಿಸಿಬಿಡುತ್ತಾರೆ ಎಂದು ಇವರು ಪುಸ್ತಕ ಎತ್ತಿಟ್ಟುಕೊಂಡರು. ದೊಡ್ಡ ಮೇಡಂ ಬಂದು ಮಗುವನ್ನು ಎತ್ತಿ ತಮ್ಮ ಎಡ ಹೆಗಲಿಗೆ ಹಾಕಿಕೊಂಡು, ನಿನ್ನ ಕೈ ಬರೆಯಲಿಕ್ಕೆ ಬೇಕು ಎಂದಷ್ಟೇ ಹೇಳಿ ಪಾಠ ಮುಂದುವರಿಸಿದರು. ಮರುದಿನವೂ ಹಾಗೇ. ಮಗು ನಡೆಯಲು ಕಲಿತ ಮೇಲೂ ಮಧ್ಯಾಹ್ನ ಅದಕ್ಕೆ ಆ ಹೆಗಲೇ ಬೇಕಾಗಿತ್ತು.

“ಅವರು ನಿನ್ನ ಎತ್ಕೋತಿದ್ದಿದ್ದನ್ನ ನಾನು ಯಾವತ್ತೂ ಮರೆತಿಲ್ಲ,” ಎಂದರು ಮೇಡಂ. “ಆದ್ರೆ ಅದು ಬೇರೆ, ಪಾಠ ಬೇರೆ ಅಂದ್ಕೊಂಡಿದ್ದೆ. ಎಡ ಭುಜ ಎತ್ತಿದ್ರೆ ನೀನು ಎದ್ದುಬಿಡ್ತೀಯ ಅಂತ ಅವರು ಒಂದೇ ಎತ್ತಿದ್ದು. ನಾನದನ್ನ ಫ್ರಾನ್ಸ್ ಅಂತ ಬರ್ಕೊಂಡೆ.”

ಹಸುಗಳ ಹೊಟ್ಟೆಗೆ ಕೈ ಹಾಕಿದರೂ ಅಳುಕದ ಆ ದೊಡ್ಡ ಹೆಂಗಸಿನ ಕಣ್ಣು ತುಂಬಿ ಬಂತು. ಅದನ್ನು ಮರೆಮಾಚಲು, ಅಷ್ಟು ಫ್ರೆಂಚ್ ಕಿವಿ ಮೇಲೆ ಬಿದ್ದರೂ ನನಗೆ ಒಂದಕ್ಷರ ಹತ್ತಲಿಲ್ಲವಲ್ಲಮ್ಮ ಎಂದು ನಗಲು ನೋಡಿದರು, ನಗು ಅರ್ಧಕ್ಕೇ ನಿಂತಿತು. ಮೇಡಂ ಅಳುತ್ತಿದ್ದರು, ಆದರೆ ವಾರದಿಂದ ಸಪ್ಪಗಿದ್ದ ಮುಖ ಅದಾಗಿರಲಿಲ್ಲ. ಯಾಕಮ್ಮನಿಗೆ ಒಳಗೊಳಗೇ ಬಹಳ ಸಂತೋಷವಾಯಿತು. ಅದರ ಜೊತೆಗೆ, ಹೇಳಬಾರದು, ಅತ್ತೆ ಯಾಕೆ ಮಗುವನ್ನು ನೋಡಿಕೊಳ್ಳಲಿಲ್ಲ ಎಂಬ ಇನ್ನೊಂದು ಪ್ರಶ್ನೆಯೂ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಒಲೆ ಒರೆಸಿದಳು.

ಸೋಮವಾರ ಮೇಡಂ ಮೊದಲು ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಅಚ್ಚಿನ ಟಿಪ್ಪಣಿ ಬೇಡ, ಸಂಸ್ಕೃತಿಯ ಪಾಠ ನಾನೇ ಮಾಡುತ್ತೇನೆ ಎಂದರು. ಮೊನ್ನೆ ಬೇಡ ಅಂದವರು ನೀವೇ ಅಲ್ಲವೇ ಎಂದದ್ದಕ್ಕೆ ಹೌದು ನಾನೇ ಎಂದು ಹೇಳಿ ಬಂದರು. ಆಮೇಲೆ ಎರಡೆರಡು ಮೆಟ್ಟಿಲು ಹತ್ತಿ ತರಗತಿಗೆ ಬಂದು, ಫ್ರೆಂಚರು ಎತ್ತುವುದು ಎರಡೂ ಭುಜ, ಇಷ್ಟು ದಿನ ತಪ್ಪು ಕಲಿಸಿದ್ದೇನೆ, ಇವತ್ತು ಎಲ್ಲರೂ ತಿದ್ದಿಕೊಳ್ಳಿ ಎಂದರು. ಅವರ ಎಡ ಭುಜಕ್ಕೆ ಅಭ್ಯಾಸವೇ ತಪ್ಪಿತ್ತು. ಎತ್ತಲು ಹೋದರೆ ಮೊಣಕೈ ಮಾತ್ರ ಎದ್ದಿತು. ತರಗತಿ ಘೊಳ್ಳೆಂದಿತು, ಮೇಡಂ ಕೂಡ ನಕ್ಕರು.

ಬೆಂಚಿನ ಗೆಳತಿ ಎದ್ದು, ಹಾಗಾದರೆ ಹಳೆಯದನ್ನು ಮರೆತುಬಿಡಬೇಕೇ ಎಂದು ಕೇಳಿದಳು.

“ಬೇಡ, ಅದೂ ಇರ್ಲಿ,” ಎಂದರು ಮೇಡಂ. “ಬೇರೆಯವರ ಮಗು ನಿಮ್ಮ ಹೆಗಲ ಮೇಲೆ ಮಲಗಿದ್ದಾಗ ಬೇಕಾಗುತ್ತೆ.”

ಎಲ್ಲರೂ ಯಾಕಮ್ಮನ ಕಡೆ ತಿರುಗಿದರು, ಈಗ ಇವಳು ಯಾಕೆ ಎನ್ನುತ್ತಾಳೆ ಎಂದು. ಅವಳು ಏನೂ ಕೇಳಲಿಲ್ಲ. ಕೇಳಿದ್ದು ಹಿಂದಿನ ಬೆಂಚಿನ ಹುಡುಗ. ಫ್ರಾನ್ಸಿನವರು ನಿಜವಾಗಿ ಹಾಗೆ ಮಾಡುತ್ತಾರಾ ಮೇಡಂ ಎಂದ.

ಮೇಡಂ ಸೀಮೆಸುಣ್ಣ ಕೆಳಗಿಟ್ಟರು.

“ಒಬ್ಬರು ಮಾಡಿದ್ರು,” ಎಂದರು. “ನನ್ನ ಮಗಳಿಗೋಸ್ಕರ.”